ಒಲೆ ತರುವ ಮೊದಲು ಪಾತ್ರೆ ಬೋರಲು ಹಾಕಿ ನೋಡಿ

ಹೊಸ ಮನೆ ಕಟ್ಟಿಸುವವರೆಲ್ಲ ಈಗ ಒಂದೇ ಪ್ರಶ್ನೆ ಕೇಳುತ್ತಾರೆ. "ದೊಡ್ಡಮ್ಮ, ಇಂಡಕ್ಷನ್ ತರಲಾ, ಸೆರಾಮಿಕ್ ತರಲಾ, ಗ್ಯಾಸೇ ಇರಲಾ?" ನಾನು ತಿರುಗಿ ಕೇಳುವುದೂ ಒಂದೇ. ಮನೆಯಲ್ಲಿ ಮುದ್ದೆ ಮಾಡ್ತೀರಾ, ಇಲ್ವಾ? ಅದಕ್ಕೆ ಮುಖ ಮುಖ ನೋಡಿಕೊಳ್ಳುತ್ತಾರೆ. ಕಲ್ಲಿನ ಬಣ್ಣ ಗೊತ್ತು, ಚಿಮಣಿಯ ಬೆಲೆ ಗೊತ್ತು, ಒಲೆ ಮೇಲೆ ದಿನಾ ಏನು ಕೂರುತ್ತದೆ ಅನ್ನುವುದು ಮಾತ್ರ ಗೊತ್ತಿಲ್ಲ.

ಮಂಡ್ಯದ ಕಡೆಯವರಾದರೆ ಗ್ಯಾಸ್ ಬೇಕೇ ಬೇಕು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕವೆಗೋಲಿನಲ್ಲಿ ಅಮುಕಿ ಹಿಡಿದು ಮೈಯ ಬಲವೆಲ್ಲ ಹಾಕಿ ತೊಳಸಬೇಕಲ್ವಾ, ಆ ಗುದ್ದಾಟವನ್ನು ಗಾಜಿನ ಹಲಗೆ ಮೇಲೆ ಮಾಡ್ತೀರಾ? ಕೆಳಗಿಳಿಸಿ ತೊಳಸ್ತೀವಿ ಅಂತೀರಿ. ಸರಿ, ಮತ್ತೆ ಸಣ್ಣ ಉರಿಗೆ ಇಡುವುದು ಎಲ್ಲಿ? ಅಗ್ಗದ ಇಂಡಕ್ಷನ್‌ನಲ್ಲಿ ಸಣ್ಣ ಉರಿ ಅನ್ನುವುದೇ ಇಲ್ಲ. ಜೋರಾಗಿ ಹತ್ತುತ್ತದೆ, ಪೂರ್ತಿ ಆರುತ್ತದೆ, ಮತ್ತೆ ಜೋರಾಗಿ ಹತ್ತುತ್ತದೆ. ತಳ ಹಿಡಿಯದೆ ಇನ್ನೇನಾಗುತ್ತದೆ? ನಮ್ಮ ಮುದ್ದೆ ಪಾತ್ರೆಯ ತಳ ಗುಂಡಗಿರುವುದು ಬೇರೆ. ಬದನೆಕಾಯಿ ಸುಡಲು, ಹಪ್ಪಳ ಸುಡಲು, ಪುಟ್ಟ ಸೌಟಿನಲ್ಲಿ ಒಗ್ಗರಣೆ ಕೊಡಲು ಕೂಡ ಕಣ್ಣಿಗೆ ಕಾಣುವ ಉರಿ ಬೇಕು. ಒಗ್ಗರಣೆ ಸೌಟು ಕಬ್ಬಿಣದ್ದೇ ಆದರೂ ಇಂಡಕ್ಷನ್ ಅದನ್ನು ಪಾತ್ರೆ ಅಂತ ಗುರುತಿಸುವುದೇ ಕಷ್ಟ, ಅಷ್ಟು ಚಿಕ್ಕದು ಅದು.

ಗ್ಯಾಸ್‌ನಲ್ಲೂ ಈಗ ಕಲ್ಲು ಕೊರೆದು ಕೂರಿಸುವ ಹಾಬ್ ಬಂದಿದೆ. ನೋಡಲು ಚೆಂದ, ಒರೆಸಲು ಸುಲಭ, ಒಪ್ಪುತ್ತೇನೆ. ಆದರೆ ಅದು ಕೆಟ್ಟ ದಿನ ಬೇರೆ ಅಳತೆಯದು ಆ ತೂತಿಗೆ ಕೂರುವುದಿಲ್ಲ. ನಾಲ್ಕು ಬರ್ನರ್ ಅಂತ ತಂದವರು ಎರಡು ದೊಡ್ಡ ಪಾತ್ರೆ ಇಟ್ಟರೆ ಮೂರನೆಯದಕ್ಕೆ ಜಾಗ ಇರುವುದಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ದೊಡ್ಡ ಕುಕ್ಕರು, ದೋಸೆ ಕಾವಲಿಯ ಅಳತೆಗೆ ಪೇಪರ್ ಕತ್ತರಿಸಿಕೊಂಡು ಹೋಗಿ, ಬರ್ನರ್ ಮೇಲೆ ಇಟ್ಟು ನೋಡಿ. ನಾಚಿಕೆ ಏನು ಬಂತು? ದುಡ್ಡು ನಿಮ್ಮದು. ಹಾಬ್ ಕೆಳಗಿನ ಕಪಾಟಿನಲ್ಲಿ ಸಿಲಿಂಡರ್ ಇಟ್ಟರೆ ಕೆಳಭಾಗದಲ್ಲಿ ಗಾಳಿ ಹೋಗಲು ಜಾಲರಿ ಬಿಡಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಸೋರುವ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಆರಿಸಿ, ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇಂಡಕ್ಷನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಲು ಕಾಯಿಸಲು, ಕಾಫಿಗೆ ನೀರಿಡಲು, ಅನ್ನಕ್ಕೆ ಅದರಷ್ಟು ಚುರುಕು ಬೇರೆ ಯಾವುದೂ ಇಲ್ಲ. ಗಾಜಿನ ಕೆಳಗಿರುವ ಸುರುಳಿ ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದೆ, ಗ್ಯಾಸಿನ ಹಾಗೆ ಅರ್ಧ ಶಾಖ ಪಕ್ಕದಿಂದ ಹಾರಿಹೋಗುವುದಿಲ್ಲ. ಬೇಸಿಗೆಯಲ್ಲಿ ಅಡುಗೆಮನೆ ತಣ್ಣಗಿರುತ್ತದೆ. ಆದರೆ ಆ ತಳ ಅಯಸ್ಕಾಂತಕ್ಕೆ ಅಂಟುವಂಥದ್ದೇ ಆಗಿರಬೇಕು. ಬೋಗಾದಿ ಕಡೆ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಹಾಲು ಉಕ್ಕಿಸಲು ಹೊಸ ಇಂಡಕ್ಷನ್ ಮೇಲೆ ಹಿತ್ತಾಳೆ ಪಾತ್ರೆ ಇಟ್ಟಿದ್ದರು. ಅದು ಕೀ ಕೀ ಅನ್ನುತ್ತದೆ, ಹಾಲು ತಣ್ಣಗೇ ಇದೆ, ಪುರೋಹಿತರು ಗಡಿಯಾರ ನೋಡುತ್ತಿದ್ದಾರೆ. ಕೊನೆಗೆ ಪಕ್ಕದ ಮನೆಯ ಗ್ಯಾಸ್ ಸ್ಟೋವ್ ಹೊತ್ತು ತಂದರು. ಆ ಹಿತ್ತಾಳೆಯನ್ನೂ ಹುಣಸೆಹಣ್ಣಿನಲ್ಲಿ ಉಜ್ಜಿ ಹಾಗೇ ಒಣಗಲು ಬಿಟ್ಟಿದ್ದರು, ಮೈಯೆಲ್ಲ ಕಲೆ. ಉಜ್ಜಿದ ತಕ್ಷಣ ಒಣಬಟ್ಟೆಯಲ್ಲಿ ಒರೆಸಬೇಕು ಅಂತ ಇವರಿಗೆ ಯಾರೂ ಹೇಳಿಕೊಟ್ಟಿಲ್ವಾ?

ಅದಕ್ಕೇ ಅಯಸ್ಕಾಂತದ ಮಾತು. ನಮ್ಮತ್ತೆ ದೇವರಾಜ ಮಾರ್ಕೆಟ್ ಕಡೆ ಪಾತ್ರೆ ಕೊಳ್ಳಲು ಹೊರಟರೆ ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತದ ಚೂರೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಸ್ಟೀಲ್ ಪಾತ್ರೆಗೆ ಅದು ಅಂಟಿತೋ, "ಕಬ್ಬಿಣ ಬೆರೆಸಿದ್ದೀಯ" ಅಂತ ಅಂಗಡಿಯವನ ಮುಖಕ್ಕೇ ಹೇಳಿ ಎದ್ದು ಬರುತ್ತಿದ್ದರು. ಸ್ಟೀಲೆಲ್ಲ ಕಬ್ಬಿಣದ್ದೇ, ನಿಕಲ್ ಬೆರೆತ ಒಳ್ಳೆ ಸ್ಟೀಲಿಗೆ ಸಾಮಾನ್ಯವಾಗಿ ಅಂಟುವುದಿಲ್ಲ ಅಷ್ಟೇ. ಅವರು ಬೇಡ ಅಂದದ್ದನ್ನೇ ನಾವೀಗ ಹುಡುಕಿಕೊಂಡು ಹೋಗಬೇಕು. ಆ ಚೂರು ಈಗ ನನ್ನ ಬ್ಯಾಗಿನಲ್ಲಿದೆ.

ಪರೀಕ್ಷೆ ಮಾಡುವ ರೀತಿ ಕೇಳಿ, ಅವಸರ ಬೇಡ. ಪಾತ್ರೆ ಬೋರಲು ಹಾಕಿ ಅಯಸ್ಕಾಂತವನ್ನು ತಳದ ನಡುವೆ ಇಡಿ. ಅಂಟಿತು ಅಂತ ಅಲ್ಲಿಗೇ ಬಿಡುತ್ತಾರೆ ಎಲ್ಲರೂ, ಅದೇ ತಪ್ಪು. ಅದನ್ನು ಮೆಲ್ಲಗೆ ಅಂಚಿನ ಕಡೆ ಎಳೆಯಿರಿ. ಕೈಗೆ ಎಳೆತ ಗೊತ್ತಾಗುತ್ತಿರಬೇಕು. ಎಲ್ಲಿ ಸಡಿಲವಾಗುತ್ತದೋ ಅಲ್ಲಿಗೆ ಅಡಿಯ ತಗಡು ಮುಗಿಯಿತು ಅಂತ ಅರ್ಥ. ಅಲ್ಯೂಮಿನಿಯಂ ಕುಕ್ಕರಿಗೆ ಬಿಲ್ಲೆಯಷ್ಟು ತಗಡು ಒತ್ತಿ "ಇಂಡಕ್ಷನ್ ಬೇಸ್" ಅಂತ ಮಾರುವವರೂ ಇದ್ದಾರೆ, ಅಂಥದ್ದರಲ್ಲಿ ನಡುವಿನ ಅನ್ನ ಸೀಯುತ್ತದೆ, ಸುತ್ತಲಿನದು ಅಕ್ಕಿಯಾಗೇ ಇರುತ್ತದೆ. ನಾಲ್ಕೂ ದಿಕ್ಕಿಗೆ ಹೀಗೆ ಎಳೆದು ನೋಡಿ. ಆಮೇಲೆ ಪಾತ್ರೆ ನೆಟ್ಟಗೆ ಹಿಡಿದು, ಅಡಿಗೆ ಅಯಸ್ಕಾಂತ ಅಂಟಿಸಿ, ಮೇಲಿನಿಂದ ಬೆರಳಲ್ಲಿ ತಟ್ಟಿ. ಉದುರಿದರೆ ಅಲ್ಲೇ ಇಟ್ಟು ಬನ್ನಿ. ಇನ್ನೂ ಮುಗಿದಿಲ್ಲ. ಮಕ್ಕಳ ಸ್ಟೀಲ್ ಸ್ಕೇಲನ್ನು ತಳಕ್ಕೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ, ಸಂದಿಯಲ್ಲಿ ಬೆಳಕು ಕಂಡರೆ ತಳ ಸಮ ಇಲ್ಲ. ಮನೆಗೆ ತಂದ ಮೇಲೆ ಬೆರಳು ಮುಳುಗುವಷ್ಟು ನೀರು ಹಾಕಿ ಕಾಯಿಸಿ, ಪಕ್ಕದಲ್ಲೇ ನಿಂತು ನೋಡಿ. ಗುಳ್ಳೆ ಏಳುವ ಜಾಗವೇ ಶಾಖದ ಜಾಗ. ನಡುವೆ ಬಳೆಯಗಲ ಮಾತ್ರ ಗುಳ್ಳೆ ಎದ್ದರೆ ಅದರಲ್ಲಿ ನೀರು ಕಾಯಿಸಿ, ಪಾಯಸ ಮಾಡಬೇಡಿ.

ಇನ್ನು ಸೆರಾಮಿಕ್. ಇನ್‌ಫ್ರಾರೆಡ್ ಅಂತಲೂ ಮಾರುತ್ತಾರೆ. ಗಾಜಿನ ಕೆಳಗೆ ತಂತಿ ಕೆಂಪಗೆ ಕಾಯುತ್ತದೆ, ಯಾವ ಲೋಹದ ಪಾತ್ರೆಯೂ ನಡೆಯುತ್ತದೆ, ತಳ ಸಮ ಇದ್ದರೆ ಸಾಕು. ಗುಣ ಅಲ್ಲಿಗೆ ಮುಗಿಯಿತು. ಕಾಯಲು ನಿಧಾನ, ಆರಲು ಇನ್ನೂ ನಿಧಾನ. ಹಾಲು ಉಕ್ಕಿತು ಅಂತ ಸ್ವಿಚ್ ಆರಿಸಿದರೂ ಉಕ್ಕುತ್ತಲೇ ಇರುತ್ತದೆ. ಮೈಸೂರು ಪಾಕಿನ ಸಕ್ಕರೆಯೋ ಬೆಲ್ಲದ ಪಾಕವೋ ಚೆಲ್ಲಿದರೆ ಆರಿ ಗಟ್ಟಿಯಾಗುವ ಮೊದಲೇ ಹುಷಾರಾಗಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಗಾಜನ್ನೇ ಕಿತ್ತುಕೊಂಡು ಬರುತ್ತದೆ. ಮಕ್ಕಳಿರುವ ಮನೆಗಂತೂ ನಾನು ಹೇಳುವುದೇ ಇಲ್ಲ.

ನನ್ನನ್ನು ಕೇಳಿದರೆ ಮೂರು ಬರ್ನರಿನ ಗ್ಯಾಸ್ ಸ್ಟೋವ್, ಪಕ್ಕದಲ್ಲಿ ಒಂದೇ ಒಂದು ಇಂಡಕ್ಷನ್. ಸಿಲಿಂಡರ್ ಮುಗಿದ ದಿನ ಇದು, ಕರೆಂಟ್ ಹೋದ ದಿನ ಅದು. ಆದರೆ ಲೆಕ್ಕ ಇಟ್ಟುಕೊಳ್ಳಿ. 2000 ವಾಟ್‌ನದು ಒಂದು ಗಂಟೆ ಪೂರ್ತಿ ಉರಿದರೆ 2 ಯೂನಿಟ್. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಇಂಡಕ್ಷನ್ ತರುವ ಮೊದಲು ಡಾಕ್ಟರನ್ನು ಕೇಳಿ. ಮಿಕ್ಸಿಯ ಪಾಯಿಂಟಿಗೆ ಅಡಾಪ್ಟರ್ ಸಿಕ್ಕಿಸಿ ಇಂಡಕ್ಷನ್ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೆ ಬೇರೆಯೇ 16 ಆಂಪಿಯರ್ ಪಾಯಿಂಟ್ ಬೇಕು, ದಪ್ಪ ವೈರು ಬೇಕು, ಸಿಂಕಿನಿಂದ ದೂರ ಇರಬೇಕು. ಟೈಲ್ಸ್ ಅಂಟಿಸುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಹಾಕಿಸಿಬಿಡಿ, ಆಮೇಲೆ ಗೋಡೆ ಒಡೆಸಬೇಕಾದೀತು.