ಹಟ್ಟಿಗೆ ಬಂದ ಬೆಕ್ಕು ಯಾವ ಬಗೆಯದು?

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ತೋಟದ ಮನೆಗಳಿಗೆ ಗುರುತಿಲ್ಲದ ಬೆಕ್ಕುಗಳು ಬಂದು ಸೇರುತ್ತವೆ. ಹಟ್ಟಿಯ ಬೈಹುಲ್ಲಿನ ಅಟ್ಟ, ಬಚ್ಚಲಿನ ಒಲೆಯ ಬದಿ, ತೆಂಗಿನಕಾಯಿ ರಾಶಿ ಹಾಕಿದ ಕೋಣೆ, ಇವೆಲ್ಲ ಅವುಗಳಿಗೆ ಬೆಚ್ಚಗಿನ ಆಸರೆ. ಹಾಗೆ ಬಂದ ಬೆಕ್ಕನ್ನು ಎತ್ತಿಕೊಳ್ಳಲು ಹೋಗುವ ಮೊದಲು, ಅಥವಾ ಕೋಲು ಹಿಡಿದು ಅಟ್ಟುವ ಮೊದಲು, ಅದು ಮನುಷ್ಯರನ್ನು ಬಲ್ಲ ಬೆಕ್ಕೇ ಅಲ್ಲವೇ ಎಂದು ನಾಲ್ಕು ದಿನ ದೂರದಿಂದಲೇ ಗಮನಿಸಬೇಕು ಎಂಬುದು ನನ್ನ ಮುಖ್ಯ ಸಲಹೆ.

ಮೊದಲು ಯಾರದೋ ಮನೆಯಲ್ಲಿದ್ದು, ಈಗ ನೆಲೆ ತಪ್ಪಿದ ಬೆಕ್ಕು ಹೆದರಿದ್ದರೂ ನಮ್ಮ ಮುಖ ನೋಡುತ್ತದೆ, ಹಗಲಿನಲ್ಲೇ ಕಾಣಿಸಿಕೊಳ್ಳುತ್ತದೆ, ಬಾಲವನ್ನು ನೆಟ್ಟಗೆ ಎತ್ತಿ ಮಿಯಾಂವ್ ಎಂದು ಕರೆಯುತ್ತದೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹೀಗೆ ಕೂಗುವುದು ಅಪರೂಪ. ಆ ಕೂಗು ಹೆಚ್ಚಾಗಿ ಮನುಷ್ಯರಿಗಾಗಿಯೇ ಇರುವುದರಿಂದ, ಕೂಗಿ ಅನ್ನ ಕೇಳುವ ಬೆಕ್ಕು ಒಂದು ಕಾಲಕ್ಕೆ ಮನೆಯ ಬೆಕ್ಕೇ ಆಗಿತ್ತೆಂದು ಬಹುಮಟ್ಟಿಗೆ ಹೇಳಬಹುದು. ತೋಟದಲ್ಲೇ ಹುಟ್ಟಿ, ಮನುಷ್ಯರ ಕೈ ಸೋಕದೆ ಬೆಳೆದ ಬೆಕ್ಕಾದರೋ ಸದ್ದು ಮಾಡುವುದಿಲ್ಲ, ನೆಲಕ್ಕೆ ಒತ್ತಿಕೊಂಡು ಗೋಡೆಯ ಬದಿಯಲ್ಲೇ ಸರಿಯುತ್ತದೆ, ಮುಸ್ಸಂಜೆಯಲ್ಲೋ ಬೆಳಗಿನ ಜಾವದಲ್ಲೋ ಮಾತ್ರ ಹೊರಬರುತ್ತದೆ, ನಾವಿಟ್ಟ ಅನ್ನವನ್ನು ನಾವು ಒಳಗೆ ಹೋದ ಮೇಲೆಯೇ ತಿನ್ನುತ್ತದೆ. ಇದು ಕೆಟ್ಟ ಬುದ್ಧಿಯಲ್ಲ. ಮರಿಗೆ ಎರಡು ವಾರದಿಂದ ಸುಮಾರು ಏಳು ವಾರದವರೆಗಿನ ಕಾಲದಲ್ಲಿ ಮನುಷ್ಯರ ಸಹವಾಸ ಸಿಕ್ಕಿದರೆ ಅದು ನಮ್ಮನ್ನು ನಂಬಲು ಕಲಿಯುತ್ತದೆ. ಆ ಕಾಲ ಕಳೆದುಹೋದರೆ ಬೆಳೆದ ಮೇಲೆ ಎಷ್ಟು ಮುದ್ದಿಸಿದರೂ ಮಡಿಲಿಗೆ ಬರುವುದು ಬಹಳ ಕಷ್ಟ. ಅಂಥದ್ದನ್ನು ಕೋಣೆಯಲ್ಲಿ ಕೂಡಿಹಾಕಿ ಪಳಗಿಸಲು ಹೋಗುವುದು ಅದಕ್ಕೂ ಹಿಂಸೆ, ನಮಗೂ ಅಪಾಯ. ಹೊತ್ತಿಗೆ ಸರಿಯಾಗಿ ಒಂದೇ ಜಾಗದಲ್ಲಿ ಆಹಾರವಿಟ್ಟು, ಅದು ಓಡಿಹೋಗುವ ದಾರಿಯನ್ನು ಅಡ್ಡಗಟ್ಟದೆ ಬಿಟ್ಟರೆ, ಅಡಿಕೆ ಚೀಲಗಳಿರುವ ಕೋಣೆಯ ಇಲಿಗಳನ್ನು ನೋಡಿಕೊಂಡು ಅದು ತನ್ನ ಪಾಡಿಗೆ ಇರುತ್ತದೆ.

ಈ ಕಾರಣಕ್ಕೇ ಅಟ್ಟದಲ್ಲಿ ಹುಟ್ಟಿದ ಮರಿಗಳ ವಿಷಯದಲ್ಲಿ ತಡಮಾಡಬಾರದು. ಮೊದಲ ದಿನಗಳಲ್ಲಿ ಪದೇಪದೇ ಇಣುಕಿದರೆ ತಾಯಿ ಅವನ್ನು ಏಳು ಮನೆ ಸುತ್ತಿಸುತ್ತದೆ. ಕಣ್ಣು ಬಿಟ್ಟು ತೂರಾಡುತ್ತಾ ನಡೆಯತೊಡಗಿದ ಮೇಲೆ, ತಾಯಿ ಬೇಟೆಗೆ ಹೋದ ಹೊತ್ತಿನಲ್ಲಿ, ದಿನವೂ ಸ್ವಲ್ಪ ಹೊತ್ತು ಮನೆಯ ಬೇರೆಬೇರೆಯವರು ಮೆಲ್ಲಗೆ ಮುಟ್ಟಿ ಮಾತನಾಡಿಸಿದರೆ ಸಾಕು. ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಬಳಿಯೋ ಹೊಳೆಯ ಆಚೆಯೋ ಬಿಟ್ಟುಬರುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಬೇಟೆ ಕಲಿಯದ ಮರಿಗಳಲ್ಲಿ ಹೆಚ್ಚಿನವು ಸಾಯುತ್ತವೆ, ಉಳಿದವು ಹೆದರಿದ ಬೀದಿಬೆಕ್ಕುಗಳಾಗುತ್ತವೆ. ದಯವಿಟ್ಟು ಇದನ್ನು ನಿಲ್ಲಿಸಿ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭದ ಅವಧಿ ಸುಮಾರು ಒಂಬತ್ತು ವಾರ ಮಾತ್ರ. ಆದುದರಿಂದ ಪಶುವೈದ್ಯರಲ್ಲಿ ಕೇಳಿ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೊಂದೇ ನ್ಯಾಯವಾದ ದಾರಿ. ಗಂಡುಬೆಕ್ಕಿಗೂ ಮಾಡಿಸಿದರೆ ಅಲೆದಾಟ, ಕಾದಾಟ ಮತ್ತು ಗೋಡೆಗೆ ಮೂತ್ರ ಚಿಮ್ಮಿಸುವ ಚಾಳಿ ಬಹಳಷ್ಟು ಕಡಿಮೆಯಾಗುತ್ತದೆ.

ಸಾಕಿದ ಬೆಕ್ಕಿನ ಮೈಭಾಷೆಯನ್ನೂ ನಾವು ತಪ್ಪಾಗಿ ತಿಳಿಯುವುದುಂಟು. ಹೊಟ್ಟೆ ಮೇಲಾಗಿ ಹೊರಳಿದರೆ ಅದು ನಂಬಿಕೆಯ ಗುರುತೇ ಹೊರತು ಹೊಟ್ಟೆ ಸವರಿರೆಂಬ ಕರೆಯಲ್ಲ. ಕಿವಿ ಹಿಂದಕ್ಕೆ ಮಡಚಿ ಬಾಲವನ್ನು ಅತ್ತಿತ್ತ ಬಡಿಯತೊಡಗಿದರೆ ಮಕ್ಕಳನ್ನು ಕೂಡಲೇ ಆಚೆ ಕರೆಯಬೇಕು. ಗುರುಗುಟ್ಟುವ ಬೆಕ್ಕು ಸುಖವಾಗಿಯೇ ಇದೆಯೆಂದು ಹೇಳಲಾಗದು, ನೋವಿನಲ್ಲಿರುವುದೂ ಗುರುಗುಟ್ಟುತ್ತದೆ. ಊಟ ಬಿಟ್ಟು ಮೂಲೆ ಸೇರಿದ್ದರೆ ವೈದ್ಯರಿಗೆ ತೋರಿಸಿ. ನಾವು ಕುಡಿಯುವ ಪಾರಸಿಟಮಾಲ್ ಅದಕ್ಕೆ ಪ್ರಾಣಾಂತಿಕ ವಿಷ.

ಊಟದ ಬಗ್ಗೆ ಸಸ್ಯಾಹಾರಿ ಮನೆಗಳಲ್ಲಿ ಒಂದು ಸಂಕಟವಿದೆ. ಬೆಕ್ಕು ಮಾಂಸದಿಂದಲೇ ಬದುಕುವ ಜೀವ. ಮೊಸರನ್ನ ತಿಂದು ಚೆನ್ನಾಗಿದೆಯೆಂದು ನಾವು ತಿಳಿಯುವ ಬೆಕ್ಕು ಹೊರಗೆ ಇಲಿ, ಹಲ್ಲಿ, ಹಕ್ಕಿ ಹಿಡಿದು ಆ ಕೊರತೆ ತುಂಬಿಕೊಂಡಿರುತ್ತದೆ. ಬಾಗಿಲೊಳಗೇ ಇರುವ ಬೆಕ್ಕಿಗೆ ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ಕೊಡಲೇಬೇಕು. ಹಾಲು ಅನೇಕ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾಂಬಾರಿನ ಅನ್ನ ಬೇಡ.

ಇನ್ನು, ಉದ್ದ ಕಾಲು, ಗಿಡ್ಡ ಬಾಲದ ಕಾಡುಬೆಕ್ಕಾಗಲಿ, ಮಾಡಿನ ಮೇಲೆ ರಾತ್ರಿ ಓಡಾಡುವ ಪುನುಗಾಗಲಿ ಈ ಲೆಕ್ಕಕ್ಕೆ ಸೇರಿದವಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಕಾಡುಪ್ರಾಣಿಗಳು. ಮರಿ ಸಿಕ್ಕಿತೆಂದು ಮನೆಗೆ ತರಬಾರದು.

ಯಾವ ಬಗೆಯ ಬೆಕ್ಕೇ ಕಚ್ಚಲಿ, ಪರಚಲಿ, ಗಾಯಕ್ಕೆ ಅರಸಿನ, ಸುಣ್ಣ ಮೆತ್ತದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಏಕೆಂದರೆ ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಸಾಕುವ ಮರಿಗೆ ಮೂರು ತಿಂಗಳು ತುಂಬಿದಾಗ ಅದರ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ಗಡುವಿಗೆ ಮತ್ತೆ ಹಾಕಿಸುತ್ತಿರಿ.