ಅಲಸಂದೆಯ ಹೇನಿಗೆ ಹೂನೊಣದ ಮರಿ: ಉಳಿಸಿಕೊಳ್ಳುವ ಬಗೆ

ಅಲಸಂದೆ, ಅವರೆ ಕುಡಿಯಲ್ಲಿ ಕಪ್ಪು ಹೇನು ಕಂಡೊಡನೆ ಔಷಧಿ ಹೊಡೆಯಬೇಡಿ. ಮೊದಲು ಹತ್ತಿಪ್ಪತ್ತು ಕುಡಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹೇನಿನ ಗುಂಪಿನ ಪಕ್ಕ 1 ಮಿ.ಮೀ. ಉದ್ದದ ಬಿಳಿ ಮೊಟ್ಟೆ, ಕಾಲಿಲ್ಲದೆ ತೆವಳುವ ಹಸಿರು ಹುಳು ಇದ್ದರೆ ಅದು ಹೂನೊಣದ್ದು (ಸಿರ್ಫಿಡ್ ನೊಣ). ಕಾಯಿಕೊರಕವೆಂದು ಇದನ್ನೇ ಹೊಸಕಿಬಿಡುತ್ತಾರೆ, ಪಾಪ! ಕೊರಕಕ್ಕೆ ತಲೆ, ಕಾಲು ಎದ್ದು ಕಾಣುತ್ತವೆ. ಇದಕ್ಕೆ ಎರಡೂ ಕಾಣವು. ಒಂದೊಂದು ಮರಿ ನೂರಾರು ಹೇನುಗಳ ರಸ ಹೀರಬಲ್ಲದು.

ಬೆಳೆದ ನೊಣಕ್ಕೆ ಮಕರಂದ, ಪರಾಗ ಬೇಕು. ಬದುವಿಗೆ ಕೊತ್ತಂಬರಿಯನ್ನು 15 ದಿನದ ಅಂತರದಲ್ಲಿ ಎರಡು ಸಲ ಬಿತ್ತಿ, ಸೊಪ್ಪಿಗೆ ಕೀಳದೆ ಹೂ ಬಿಡಲು ಬಿಡಿ.

ಮರಿಗಳಿದ್ದೂ ಹೇನು ಇಳಿಯದಿದ್ದರೆ ಇರುವೆ ನೋಡಿ: ಹೇನು ಸುರಿಸುವ ಸಿಹಿ ಅಂಟಿನಾಸೆಗೆ ಅವು ಹೇನಿಗೆ ಕಾವಲು ನಿಲ್ಲುತ್ತವೆ. ಮರಿಯಿಲ್ಲದ, ಹೇನು ಮುತ್ತಿದ ಕುಡಿಗಳನ್ನಷ್ಟೇ ಚಿವುಟಿ; 4–5 ದಿನಕ್ಕೆ ಮತ್ತೆ ನೋಡಿ.