ಸ್ತನದ ಆಪರೇಷನ್ ಆದವರಿಗೆ ಬ್ಲೌಸ್: ನನ್ನ ಅನುಭವ

"ಇಂಥ ಬ್ಲೌಸ್ ಹಾಸನದಲ್ಲಿ ಓಡಲ್ಲ" ಅಂದವರೇ ಈಗ ಕಟಿಂಗ್ ಹೇಗೆ ಅಂತ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಹೊಲಿಗೆ ಕೆಲಸದವರಿಗಾಗಿ ಬರೆಯುತ್ತಿದ್ದೇನೆ. ಕ್ಯಾನ್ಸರ್ ಬಂದು ಒಂದು ಸ್ತನ ತೆಗೆಸಿಕೊಂಡ ಹೆಂಗಸರಿಗೆ ನಾನು ಬ್ಲೌಸ್ ಹೊಲಿಯುತ್ತೇನೆ. ನಾಲ್ಕೈದು ವರ್ಷವಾಯಿತು. ಅಳತೆ, ಲೈನಿಂಗ್, ಟಕ್ಸ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಇಂಥವರು ನಿಮ್ಮ ಅಂಗಡಿಗೂ ಬಂದಿರುತ್ತಾರೆ. ನಿಮಗೆ ಗೊತ್ತಾಗಿರುವುದಿಲ್ಲ ಅಷ್ಟೆ. ಅಳತೆ ಬ್ಲೌಸ್ ಕೊಟ್ಟು "ಇದೇ ಥರ, ಸ್ವಲ್ಪ ಲೂಸ್ ಮಾಡಿ" ಅಂತ ಹೊರಟುಬಿಡುತ್ತಾರೆ. ಟ್ರಯಲ್‌ಗೆ ನಿಲ್ಲುವುದಿಲ್ಲ. ನನ್ನ ಹಳೇ ಗಿರಾಕಿ ಒಬ್ಬರು ಟೀಚರ್, ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ ಮುಗಿಸಿ ಬಂದರು. ಮೊದಲೆಲ್ಲ ಪೈಪಿಂಗ್ ಬಣ್ಣ ಒಂಚೂರು ಆಚೀಚೆ ಆದರೂ ಬಿಚ್ಚಿಸುತ್ತಿದ್ದವರು. ಆ ಸಲ ಎರಡು ಕಪ್ಪು ಬ್ಲೌಸ್ ಪೀಸ್ ಟೇಬಲ್ ಮೇಲಿಟ್ಟು "ಹೇಗಾದ್ರೂ ಹೊಲಿದುಕೊಡಮ್ಮ" ಅಂದರು. ಸೆರಗಿನ ಅಂಚನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಬೋರ್ಡ್ ಮೇಲೆ ಬರೆಯುವಾಗಲೂ ಹಾಗೇ ಹಿಡಿದಿರುತ್ತೇನೆ ಅಂದರು. ಇಡೀ ದಿನ ಒಂದು ಕೈ ಅದಕ್ಕೇ ಮೀಸಲು! ಕೆಲಸ ಶುರುವಾಗಿದ್ದು ಅಲ್ಲಿಂದ.

ನನಗೆ ಹೊಲಿಗೆ ಕಲಿಸಿದವರೇ ಬೇಡ ಅಂದರು. ಇದಕ್ಕೆಲ್ಲ ಮೆಡಿಕಲ್ ಶಾಪ್ ಇದೆ, ಮದುವೆ ಸೀಸನ್ ಬಿಟ್ಟು ಇದನ್ನು ಹಿಡಿದರೆ ಬಾಡಿಗೆ ಯಾರು ಕಟ್ಟುತ್ತಾರೆ ಅಂತ. ಮಾತು ಸುಳ್ಳಲ್ಲ. ಮೊದಲ ವರ್ಷ ಬಟ್ಟೆ, ಲೈನಿಂಗ್, ತುಂಬುವ ಸಾಮಾನು ಅಂತ ಎಂಟು ಹತ್ತು ಸಾವಿರ ಹೋಯಿತು. ವಾಪಸ್ ಬಂದಿದ್ದು ಅರ್ಧವೂ ಅಲ್ಲ.

ದೊಡ್ಡ ತಲೆನೋವು ಪ್ಯಾಡ್, ಅಂದರೆ ತೆಗೆದ ಸ್ತನದ ಜಾಗ ತುಂಬಲು ಬ್ಲೌಸ್ ಒಳಗೆ ಇಡುವುದು. ಬೆಂಗಳೂರಿನಲ್ಲಿ ಸಿಲಿಕಾನ್‌ದು ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ, ಆದರೆ ಸಾವಿರಾರು ರೂಪಾಯಿ. ಆಪರೇಷನ್ನಿಗೆ ಒಡವೆ ಅಡವಿಟ್ಟವರು ಅದನ್ನು ತಗೊಳ್ಳುವುದಿಲ್ಲ. ಸ್ಪಂಜ್ ಕಪ್ ಹಾಕಿ ನೋಡಿದೆ. ಹಗುರ. ಮಧ್ಯಾಹ್ನದ ಹೊತ್ತಿಗೆ ಬ್ಲೌಸ್ ಆ ಕಡೆ ಮೇಲಕ್ಕೆ ಏರಿ ಕುತ್ತಿಗೆ ಸೊಟ್ಟ ಆಗುತ್ತಿತ್ತು. ಬೂರುಗದ ಹತ್ತಿ ತುಂಬಿದೆ, ಒಂದು ಒಗೆತಕ್ಕೆ ಗಂಟುಗಂಟಾಯಿತು. ಮಕ್ಕಳ ತಲೆದಿಂಬಿಗೆ ಹಾಕುವ ಸಾಸಿವೆ ಹಾಕಿದೆ. ತೂಕ ಬಂತು, ಆಕಾರವೂ ಕೂತಿತು, ಬೆವರಿಗೆ ವಾಸನೆ ಶುರುವಾಯಿತು. ರಾಗಿಗೆ ಹುಳ ಬಿತ್ತು. ಸಕಲೇಶಪುರದ ಕಡೆಯ ಒಬ್ಬ ಅಕ್ಕ ಜುಲೈ ಮಳೆಯಲ್ಲಿ ಪ್ಯಾಡ್ ಒಣಗುವುದೇ ಇಲ್ಲ ಅಂತ ಒಲೆ ಪಕ್ಕ ಇಟ್ಟರಂತೆ. ಹೊಗೆ ಹಿಡಿದು ಹಾಳಾಯಿತು. ಅವರಿಗೆ ದುಡ್ಡು ತಗೊಳ್ಳದೆ ಬೇರೆ ಮಾಡಿಕೊಟ್ಟೆ. ಅಂದಿನಿಂದ ಯಾರಿಗೇ ಆಗಲಿ ಎರಡು ಪ್ಯಾಡ್ ಕೊಡುತ್ತೇನೆ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.

ಈಗ ಮಾಡುವುದು ಮೆತ್ತನೆ ಕಾಟನ್ ನೂಲಿನಲ್ಲಿ ಹೆಣೆದ ಚೀಲ. ಒಳಗೆ ಫೈಬರ್, ತಳದಲ್ಲಿ ತೂಕ. ಒಟ್ಟು ಕಾಲು ಕೆಜಿ ಆಸುಪಾಸು, ಇನ್ನೊಂದು ಬದಿ ನೋಡಿಕೊಂಡು ಹೆಚ್ಚುಕಮ್ಮಿ. ತಳಕ್ಕೆ ಏನು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಸಿಗುವುದಕ್ಕೆ ನನಗೆ ಎರಡು ಮಳೆಗಾಲ ಹಿಡಿಯಿತು. ಎಡ ಬಲ ಬೇರೆಬೇರೆ ಆಕಾರ ಇರಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ಬಾರ್ಬಿ ಗೊಂಬೆ ಮಾಡಿದ ಅಮೆರಿಕದ ರೂತ್ ಹ್ಯಾಂಡ್ಲರ್‌ಗೆ 1970ರಲ್ಲಿ ಇದೇ ಆಪರೇಷನ್ ಆಗಿತ್ತು. ಅಂಗಡಿಯಲ್ಲಿ ಸಿಕ್ಕಿದ್ದು ಒಂದೂ ಸರಿಹೋಗದೆ ಅವರು ತಾವೇ ಕಂಪನಿ ಮಾಡಿ ಎಡಕ್ಕೊಂದು ಬಲಕ್ಕೊಂದು ಅಂತ ಮಾಡಿಸಿ ಮಾರಿದರು. ಇದನ್ನು ಹೇಳಿದ್ದೂ ಆ ಟೀಚರೇ. ಅಲ್ಲಿವರೆಗೆ ನಾನು ದುಂಡಗೆ ಹೆಣೆಯುತ್ತಿದ್ದೆ. ಕಂಕುಳ ಕಡೆಗೆ ಒಂದು ಬಾಲ ಎಳೆದ ಮೇಲೆ ಅಲ್ಲಿ ಬೀಳುತ್ತಿದ್ದ ಗುಂಡಿ ತುಂಬಿಕೊಂಡಿತು.

ಕಟಿಂಗ್ ವಿಷಯ. ಬಟ್ಟಲಿನ ಹಾಗೆ ಕಪ್ ಬರುವ ಕಟೋರಿ ಬೇಡ, ಪ್ಯಾಡ್ ಸ್ವಲ್ಪ ಸರಿದರೂ ತುದಿ ಖಾಲಿ ನಿಲ್ಲುತ್ತದೆ. ಎದೆ ಮೇಲಿಂದ ಕೆಳಗಿನವರೆಗೆ ಉದ್ದ ಹೊಲಿಗೆ ಬರುವ ಪ್ರಿನ್ಸೆಸ್ ಕಟ್ ಹಾಕಿ. ಪ್ಯಾಡ್ ಇಡುವ ಜೇಬು ಲೈನಿಂಗ್‌ಗೆ ಮಾತ್ರ ಹೊಲಿಯಬೇಕು, ಮೇಲ್ಬಟ್ಟೆಗೆ ಒಂದು ಎಳೆಯೂ ತಾಗಬಾರದು. ತಾಗಿದರೆ ಹೊರಗೆ ಎಳೆತ ಕಾಣುತ್ತದೆ. ಜೇಬಿನ ಬಾಯಿ ಮೇಲೆ ಇಟ್ಟರೆ ಬಗ್ಗಿದಾಗ ಪ್ಯಾಡ್ ಹೊರಗೆ ಬರುತ್ತದೆ, ಅದಕ್ಕೆ ಕಂಕುಳ ಕಡೆಯಿಂದ ಓರೆಯಾಗಿ ಬಿಡಿ. ಗಾಯದ ಕಲೆಗೆ ತಾಗುವ ಪದರ ಮಲ್ ಕಾಟನ್ ಆಗಿರಲಿ. ಎಷ್ಟೋ ಜನರಿಗೆ ಬ್ರಾ ಪಟ್ಟಿ ಕಲೆಗೆ ಉಜ್ಜುತ್ತದೆ, ಹಾಕುವುದೇ ಇಲ್ಲ. ಆಗ ಭಾರವೆಲ್ಲ ಬ್ಲೌಸೇ ಹೊರಬೇಕು. ಭುಜದಿಂದ ಕೆಳಪಟ್ಟಿವರೆಗೆ ಒಳಗೆ ಅಗಲವಾದ ಕಾಟನ್ ಟೇಪ್ ಕೊಡಿ. ಆಪರೇಷನ್ ಆದ ಕಡೆ ಕೈ ಊದಿಕೊಳ್ಳುವುದು ಉಂಟು. ತೋಳಿನಲ್ಲಿ ಒಳಗೆ ಒಂದಿಂಚು ಬಟ್ಟೆ ಬಿಟ್ಟಿರಿ, ಊದಿದ ದಿನ ಅವರೇ ಒಂದು ಹೊಲಿಗೆ ಬಿಚ್ಚಿಕೊಳ್ಳುತ್ತಾರೆ. ಡಾಕ್ಟರ್ ಸರಿ ಅನ್ನದೆ, ಗಾಯ ಪೂರ್ತಿ ಮಾಗದೆ ನಾನು ಅಳತೆ ಟೇಪ್ ಹಿಡಿಯುವುದಿಲ್ಲ.

ಟ್ರಯಲ್ ಅಂದರೆ ಕನ್ನಡಿ ಮುಂದೆ ಸುಮ್ನೆ ನಿಲ್ಲಿಸುವುದಲ್ಲ. ಅಟ್ಟದಿಂದ ಡಬ್ಬ ಇಳಿಸುವ ಹಾಗೆ ಕೈ ಎತ್ತಿಸುತ್ತೇನೆ. ರಂಗೋಲಿ ಹಾಕುವ ಹಾಗೆ ಬಗ್ಗಿಸುತ್ತೇನೆ. ಟೀಚರ್ ಅಂತೂ ಚಾಕ್ ಕೊಡು ಅಂತ ನನ್ನ ಮಾರ್ಕಿಂಗ್ ಚಾಕ್ ಇಸಕೊಂಡು ಗೋಡೆ ಮೇಲೆ ಉದ್ದಕ್ಕೆ ಬರೆದರು. ಎಡಗೈ ಸುಮ್ಮನೆ ಪಕ್ಕದಲ್ಲಿತ್ತು. ಆಮೇಲೆ ಕನ್ನಡಿಗೆ ಬೆನ್ನು ಮಾಡಿ ನೋಡಿ, "ಹಿಂದೆ ಇಷ್ಟು ಬೋಳು ಯಾಕೆ? ಡೋರಿ ಹಾಕು" ಅಂದರು. ನನಗೆ ಕೂಲಿಗಿಂತ ಆ ಮಾತು ದೊಡ್ಡದು. ಕಪ್ಪು ಬಟ್ಟೆ, ಮುಚ್ಚಿದ ಕುತ್ತಿಗೆ ಹೊಲಿದು ಕೊಡುವುದು ನಮಗೆ ಸುಲಭ. ಆದರೆ ಅವರಿಗೆ ಮೊದಲು ಯಾವುದು ಇಷ್ಟ ಇತ್ತೋ ಅದನ್ನೇ ಕೇಳಿ ಕೇಳಿ ಹೊರಡಿಸಬೇಕು. ಮುಂದೆ ಬೋಟ್ ನೆಕ್ ಮಾಡಿ, ಚೆಲುವನ್ನೆಲ್ಲ ಬೆನ್ನಿಗೆ ಕೊಡಿ. ಹಾಸನಾಂಬೆ ಬಾಗಿಲು ತೆಗೆದಾಗ ಆ ಟೀಚರ್ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಉಟ್ಟು ಗಂಟೆಗಟ್ಟಲೆ ಸಾಲಲ್ಲಿ ನಿಂತು ಬಂದರು. ಬ್ಲೌಸ್ ಒಂದು ಕೂದಲೆಳೆ ಸರಿದಿರಲಿಲ್ಲ.

ದುಡ್ಡು ಬಂದಿದ್ದು ಮಾತ್ರ ನೈಟಿಯಿಂದ. ಇದು ಯಾರೂ ಎಣಿಸಿರಲಿಲ್ಲ. ಹೊರಗೆ ಹೋಗುವಾಗ ಸೆರಗಿರುತ್ತದೆ, ಹೇಗೋ ನಡೆಯುತ್ತದೆ. ಬೆಳಿಗ್ಗೆ ಗೇಟಿಗೆ ಹಾಲು ತಗೊಳ್ಳಲು ಹೋಗುವಾಗ, ಕೊರಿಯರ್ ಹುಡುಗ ಬಂದಾಗ ಕಷ್ಟ. ಹೆಗಲ ಮೇಲಿನ ಟವೆಲ್ ಹುಡುಕಬೇಕು. ಮನೆಯೊಳಗೇ ಅವಿತುಕೊಂಡ ಹಾಗೆ, ಅಲ್ವಾ? ಎದೆಗೆ ನೆರಿಗೆ ಕೊಟ್ಟು ಒಳಗೆ ಅದೇ ಜೇಬು ಇಟ್ಟೆ. ಈ ನೈಟಿಗೆ ಭಾರ ಬೇಡ, ಹಗುರ ಪ್ಯಾಡ್ ಸಾಕು. ಒಬ್ಬರು ತಗೊಂಡರೆ ನಾಲ್ಕು ತಗೊಳ್ಳುತ್ತಾರೆ. ಅರಸೀಕೆರೆ, ಬೇಲೂರು, ಚಿಕ್ಕಮಗಳೂರಿಗೆಲ್ಲ ಬಸ್ಸಲ್ಲಿ ಪಾರ್ಸಲ್ ಹೋಗುತ್ತದೆ. ಬ್ಲೌಸಿಗೆ ಆರುನೂರೈವತ್ತು, ಜೊತೆ ಪ್ಯಾಡಿಗೆ ಮುನ್ನೂರು ತಗೊಳ್ಳುತ್ತೇನೆ. ಮಾಮೂಲಿ ಬ್ಲೌಸಿಗಿಂತ ಮೂರು ಪಟ್ಟು ಹೊತ್ತು ಹಿಡಿಯುತ್ತದೆ, ಲಾಭ ಇಲ್ಲ ಅಂದರೂ ಸರಿ. ನೈಟಿ ಅದನ್ನು ತುಂಬಿಕೊಡುತ್ತದೆ. ಹೋದ ವರ್ಷದಿಂದ ಇಬ್ಬರು ಹುಡುಗಿಯರಿಗೆ ಸಂಬಳ ಕೊಡುತ್ತಿದ್ದೇನೆ, ಒಬ್ಬಳು ಬರೀ ಹೆಣಿಗೆಗೆ.

ಚೂಡಿದಾರಕ್ಕೂ ಜೇಬು ಇಟ್ಟು ನೋಡಿದ್ದೇನೆ. ವೇಲ್ ಇಲ್ಲದ ಕುರ್ತಾಗೆ ಇನ್ನೂ ಸರಿಯಾಗಿ ಕೂತಿಲ್ಲ, ಬಟ್ಟೆ ತೆಳು ಇದ್ದರೆ ಜೇಬಿನ ಅಂಚು ಕಾಣುತ್ತದೆ. ಮಹಾರಾಜ ಪಾರ್ಕ್‌ಗೆ ವಾಕಿಂಗ್ ಹೋಗುವ ಒಬ್ಬರು ಟಿ ಶರ್ಟ್ ಒಳಗೆ ಹಾಕುವಂಥದ್ದು ಕೇಳಿದ್ದಾರೆ. ಎಲಾಸ್ಟಿಕ್ ಬಿಗಿ ಮಾಡಿದರೆ ಕಲೆ ಕೆಂಪಾಗುತ್ತದೆ, ಸಡಿಲ ಬಿಟ್ಟರೆ ಬೇಗ ನಡೆದಾಗ ಪ್ಯಾಡ್ ಕುಣಿಯುತ್ತದೆ. ನಿಮ್ಮಲ್ಲಿ ಯಾರಿಗಾದರೂ ಇದು ಬಗೆಹರಿದಿದ್ದರೆ ಕಟ್ಟಿನಕೆರೆ ಮಾರುಕಟ್ಟೆ ಕಡೆ ಬಂದಾಗ ಅಂಗಡಿಗೆ ಬನ್ನಿ. ಜೇಬಿನ ಪೇಪರ್ ಪ್ಯಾಟರ್ನ್ ಕೊಡುತ್ತೇನೆ, ನಿಮ್ಮ ಎಲಾಸ್ಟಿಕ್ ಲೆಕ್ಕ ನನಗೆ ಹೇಳಿ.